ಗಣೇಶ ಬಿಟ್ಟ ಮೇಲೆ ಕೆರೆ ನೀರು ಬದಲಾಗುತ್ತದೆಯೇ? ಮೊದಲ ಪರಿಸರ ಪ್ರಾಜೆಕ್ಟ್ ಮಾಡುವವರಿಗೆ ಸಂಶೋಧನೆಯ ದಾರಿ

ಪದವಿ ವಿದ್ಯಾರ್ಥಿಗಳ ಪರಿಸರ ಪ್ರಾಜೆಕ್ಟ್‌ಗಳ ಹೆಸರು ನೋಡಿ. ‘ನಮ್ಮೂರ ಕೆರೆಯ ಮಾಲಿನ್ಯ: ಒಂದು ಅಧ್ಯಯನ’, ‘ನಗರದ ವಾಯುಮಾಲಿನ್ಯ: ಒಂದು ಅಧ್ಯಯನ’. ಹೆಚ್ಚುಕಡಿಮೆ ಎಲ್ಲ ಇದೇ ಥರ. ಇವು ವಿಷಯಗಳು, ಪ್ರಶ್ನೆಗಳಲ್ಲ. ಬರೀ ವಿಷಯ ಇಟ್ಟುಕೊಂಡು ಕೆರೆ ಏರಿ ಮೇಲೆ ಹೋಗಿ ನಿಂತರೆ ಏನು ಅಳೆಯಬೇಕು, ಎಲ್ಲಿ ಅಳೆಯಬೇಕು, ಎಷ್ಟು ಸಲ ಅಳೆಯಬೇಕು ಅನ್ನೋದು ಒಂದೂ ತೋಚುವುದಿಲ್ಲ. ಕೊನೆಗೆ ಒಂದು ಬಾಟಲಿ ನೀರು ತುಂಬಿಸಿಕೊಂಡು ಬಂದು, ಲ್ಯಾಬಿಗೆ ಕೊಟ್ಟು, ಬಂದ ಅಂಕಿಗಳನ್ನು ಟೇಬಲ್ ಮಾಡಿ, ‘ಕೆರೆ ಕಲುಷಿತವಾಗಿದೆ’ ಅಂತ ಬರೆದು ಮುಗಿಸುತ್ತಾರೆ. ಅದು ಕೆರೆ ಪಕ್ಕದ ಮನೆಯವರಿಗೆ ಮೂಗಿನಿಂದಲೇ ಗೊತ್ತಿರುವ ಸಂಗತಿ, ಅಲ್ವಾ?

ಪರಿಸರ ಓದು ಎಲ್ಲರಿಗೂ ಕಡ್ಡಾಯವಾಗಿದ್ದು ಸುಮ್ನೆ ಅಲ್ಲ. ವಕೀಲ ಎಂ.ಸಿ. ಮೆಹ್ತಾ ಹಾಕಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲಿ ಆದೇಶ ಕೊಟ್ಟಿತು. ಅದು ಸರಿಯಾಗಿ ಜಾರಿಯಾಗದೆ ಇದ್ದಾಗ 2003ರಲ್ಲಿ ಮತ್ತೆ ಹೇಳಬೇಕಾಯಿತು. ಯುಜಿಸಿ ರೂಪಿಸಿದ ಆರು ತಿಂಗಳ ಪಠ್ಯದಲ್ಲಿ ಹೊರಗೆ ಹೋಗಿ ನೋಡುವ ಕೆಲಸವೂ ಸೇರಿದೆ. ವಿಜ್ಞಾನ ಓದದ ಬಿ.ಕಾಂ., ಬಿ.ಎ. ಮಕ್ಕಳಿಗೂ ಕೆರೆ ದಡದಲ್ಲಿ ನಿಂತು ಒಂದು ಪ್ರಶ್ನೆ ಕೇಳುವ ಅವಕಾಶ ಸಿಗುವುದು ಇಲ್ಲೇ. ಅಂಕಕ್ಕೋಸ್ಕರ ಇದನ್ನು ಕಾಟಾಚಾರಕ್ಕೆ ಮುಗಿಸಿದರೆ ನನಗಂತೂ ನಿಜಕ್ಕೂ ಬೇಸರವಾಗುತ್ತದೆ. ಅದಕ್ಕೇ ಒಂದೇ ಒಂದು ಪ್ರಾಜೆಕ್ಟ್ ಹಿಡಿದು ಕೊನೆಯವರೆಗೂ ಹೋಗೋಣ. ನಮ್ಮ ಕಡೆ ಪ್ರತಿ ಊರಿನಲ್ಲೂ ಮಾಡಬಹುದಾದದ್ದು: ಗಣೇಶ ಬಿಟ್ಟ ಮೇಲೆ ಕೆರೆ ನೀರಿಗೆ ಏನಾಗುತ್ತದೆ?

ಪ್ರಶ್ನೆಯನ್ನು ಅಳೆಯುವ ಹಾಗೆ ಕೇಳುವುದು

‘ಗಣೇಶ ವಿಸರ್ಜನೆಯಿಂದ ಕೆರೆ ಹಾಳಾಗುತ್ತದೆಯೇ?’ ಎಂದು ಕೇಳಿದರೆ ಉತ್ತರ ಹುಡುಕಲು ಆಗುವುದಿಲ್ಲ. ಹಾಳಾಗುವುದನ್ನು ಅಳೆಯುವ ಮೀಟರ್ ಇಲ್ಲ. ಮೂರ್ತಿಯ ಜೊತೆ ನೀರಿಗೆ ಏನೇನು ಹೋಗುತ್ತದೆ ಎಂದು ಮೊದಲು ಯೋಚಿಸಿ. ಜೇಡಿಮಣ್ಣಿನ ಮೂರ್ತಿಯಾದರೆ ಮಣ್ಣು ಕದಡಿ ನೀರು ಬಗ್ಗಡವಾಗುತ್ತದೆ, ಆಮೇಲೆ ತಳ ಸೇರುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಯಾದರೆ ಅದು ಕ್ಯಾಲ್ಸಿಯಂ ಸಲ್ಫೇಟ್. ನಿಧಾನವಾಗಿ ಕರಗಿ ನೀರಿನ ಗಡಸುತನ ಹೆಚ್ಚಿಸುತ್ತದೆ. ಬಣ್ಣದಲ್ಲಿ ಸೀಸ, ಕ್ರೋಮಿಯಂನಂಥ ಲೋಹ ಇರಬಹುದು. ಹೂವು, ಗರಿಕೆ, ಬಾಳೆಕಂದು ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ತಿನ್ನುತ್ತವೆ.

ಹೀಗೆ ಒಂದೊಂದು ವಸ್ತುವೂ ಒಂದೊಂದು ಅಳತೆಯ ಕಡೆ ಕೈ ತೋರಿಸುತ್ತದೆ. ಈಗ ಪ್ರಶ್ನೆಯನ್ನು ಹೀಗೆ ಬರೆಯಬಹುದು: ಮೂರ್ತಿ ಬಿಡುವ ಜಾಗದ ಸುತ್ತ ನೀರಿನ ತಿಳಿ ಎಷ್ಟು ಕಡಿಮೆಯಾಗುತ್ತದೆ, ಕರಗಿದ ಆಮ್ಲಜನಕ ಎಷ್ಟು ಇಳಿಯುತ್ತದೆ, ಮೊದಲಿನ ಹಾಗಾಗಲು ಎಷ್ಟು ದಿನ ಬೇಕು? ಇದರಲ್ಲಿ ಜಾಗ ಇದೆ, ಅಳತೆ ಇದೆ, ಕಾಲ ಇದೆ. ಲೋಹಗಳನ್ನು ಬಿಟ್ಟಿದ್ದೇನೆ, ಗಮನಿಸಿ. ಅವನ್ನು ಅಳೆಯಲು ದುಬಾರಿ ಉಪಕರಣ ಬೇಕು. ಮೊದಲ ಪ್ರಾಜೆಕ್ಟ್‌ನಲ್ಲಿ ಎರಡು ಸಂಗತಿಯನ್ನು ಸರಿಯಾಗಿ ಅಳೆಯುವುದು, ಹನ್ನೆರಡನ್ನು ಅರೆಬರೆ ಅಳೆಯುವುದಕ್ಕಿಂತ ಎಷ್ಟೋ ಮೇಲು.

ಕೆರೆಗೆ ಹೋಗುವ ಮೊದಲು ಪೆನ್ನು ಕಾಗದ ಹಿಡಿದು ಒಂದು ಲೆಕ್ಕ ಹಾಕಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಇಡೀ ಪ್ರಾಜೆಕ್ಟ್ ಉಳಿಸುವುದು ಇದೇ. ನಿಮ್ಮ ಕೆರೆ 10 ಎಕರೆ, ಸರಾಸರಿ ಆಳ ಒಂದು ಮೀಟರ್ ಅಂದುಕೊಳ್ಳಿ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಅಲ್ಲಿಗೆ ಕೆರೆಯಲ್ಲಿ ಸುಮಾರು 4 ಕೋಟಿ ಲೀಟರ್ ನೀರಿದೆ. ಎಲ್ಲ ಸೇರಿ 500 ಕಿಲೋ ಪ್ಲಾಸ್ಟರ್ ಬಿದ್ದು, ಪೂರ್ತಿ ಕರಗಿ, ಕೆರೆಯ ತುಂಬ ಸಮನಾಗಿ ಬೆರೆಯಿತು ಎನ್ನೋಣ. ಲೀಟರಿಗೆ ಹೆಚ್ಚುವುದು ಬರೀ 12 ಮಿಲಿಗ್ರಾಂ. ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ (ಟಿಡಿಎಸ್) ಎಂದು ತೋರಿಸುವ ಪೆನ್ನು ಅಂಗಡಿಯಲ್ಲಿ ಸಿಗುತ್ತದೆ. ಅದರ ಮೇಲೆ ಸಾಮಾನ್ಯವಾಗಿ ಶೇ 2ರಷ್ಟು ಹೆಚ್ಚುಕಮ್ಮಿ ಆಗಬಹುದು ಎಂದು ಬರೆದಿರುತ್ತದೆ. ಅದು ಪೂರ್ಣ ಅಳತೆಯ ಶೇ 2. ಸಾವಿರದವರೆಗೆ ತೋರಿಸುವ ಪೆನ್ನಿನಲ್ಲಿ 20 ಆಚೀಚೆ ಆಗಬಹುದು ಎಂದಾಯಿತು. 12ರ ಬದಲಾವಣೆ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಆಮೇಲೆ ‘ಟಿಡಿಎಸ್‌ನಲ್ಲಿ ಬದಲಾವಣೆ ಕಾಣಲಿಲ್ಲ, ಹಾಗಾಗಿ ಕೆರೆಗೆ ತೊಂದರೆ ಇಲ್ಲ’ ಎಂದು ಬರೆದರೆ ಅದು ಕೆರೆಯ ಬಗ್ಗೆ ಹೇಳಿದ್ದಲ್ಲ, ಪೆನ್ನಿನ ಬಗ್ಗೆ ಹೇಳಿದ್ದು. ಅದೇ ಪ್ಲಾಸ್ಟರ್ ಒಂದು ಸಣ್ಣ ಕಲ್ಯಾಣಿಯಲ್ಲಿ ಬಿದ್ದರೆ ಲೆಕ್ಕ ಪೂರಾ ಬೇರೆ. ಬೆಂಗಳೂರಿನಲ್ಲಿ ಕೆರೆ ಪಕ್ಕ ಮೂರ್ತಿ ಬಿಡಲೆಂದೇ ಕಲ್ಯಾಣಿ ಕಟ್ಟಿರುವ ಕಡೆ ಇಂಥ ಹೋಲಿಕೆ ಚೆನ್ನಾಗಿ ಮಾಡಬಹುದು.

ಯಾವುದಕ್ಕೆ ಹೋಲಿಸಿದರೆ?

ಹಬ್ಬ ಮುಗಿದ ಮರುದಿನ ಹೋಗಿ ನೀರು ತಂದು ಅಳೆದರೆ ಒಂದು ಅಂಕಿ ಸಿಗುತ್ತದೆ. ಅದು ಹಬ್ಬಕ್ಕೆ ಮೊದಲು ಎಷ್ಟಿತ್ತು? ಗೊತ್ತಿಲ್ಲದೆ ಇದ್ದರೆ ಬದಲಾವಣೆಯ ಮಾತೇ ಎತ್ತುವ ಹಾಗಿಲ್ಲ. ಅದಕ್ಕೇ ಹಬ್ಬದ ಮುಂಚೆಯೂ ಅಳೆಯಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮೂರ್ತಿ ವಿಸರ್ಜನೆಗೆ 2010ರಲ್ಲಿ ಮಾಡಿ 2020ರಲ್ಲಿ ತಿದ್ದಿದ ಮಾರ್ಗಸೂಚಿಯೂ ವಿಸರ್ಜನೆಗೆ ಮೊದಲು, ವಿಸರ್ಜನೆ ಸಮಯದಲ್ಲಿ, ಆಮೇಲೆ ಎಂದು ಮೂರು ಹಂತದಲ್ಲಿ ನೀರು ಪರೀಕ್ಷೆ ಮಾಡಲು ಹೇಳುತ್ತದೆ.

ಇಷ್ಟಾದರೂ ಸಾಲುವುದಿಲ್ಲ. ಭಾದ್ರಪದ ಅಂದರೆ ಮಳೆಗಾಲ. ಹಬ್ಬ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ. ಹಬ್ಬದ ವಾರದಲ್ಲಿ ಒಂದು ಜೋರು ಮಳೆ ಬಂದರೆ ರಾಜಕಾಲುವೆಯಲ್ಲಿ ಕೊಚ್ಚಿಕೊಂಡು ಬಂದ ಮಣ್ಣಿನಿಂದಲೇ ಕೆರೆ ಕೆಂಪಾಗುತ್ತದೆ. ಆ ಬಗ್ಗಡ ಗಣೇಶನಿಂದ ಬಂತೋ ಮಳೆಯಿಂದ ಬಂತೋ ಹೇಗೆ ಹೇಳುತ್ತೀರಿ?

ಇದಕ್ಕೆ ಇರುವ ಉಪಾಯ ಸರಳ. ಮೂರ್ತಿ ಬಿಡದ ಇನ್ನೊಂದು ಕೆರೆಯನ್ನೂ ಅದೇ ದಿನಗಳಲ್ಲಿ ಅಳೆಯುವುದು. ಹತ್ತಿರದ್ದಾಗಿರಬೇಕು, ಗಾತ್ರ ಹೆಚ್ಚುಕಡಿಮೆ ಅಷ್ಟೇ ಇರಬೇಕು, ಅದೇ ಮಳೆ ಅದಕ್ಕೂ ಬೀಳಬೇಕು. ಇದನ್ನು ಹೋಲಿಕೆ ಕೆರೆ ಎನ್ನೋಣ. ಈಗ ಊಹೆಯ ಅಂಕಿಗಳನ್ನಿಟ್ಟು ನೋಡಿ. ಗಣೇಶನ ಕೆರೆಯಲ್ಲಿ ಹಬ್ಬಕ್ಕೆ ಮೊದಲು ನೀರಿನೊಳಗೆ 60 ಸೆಂಟಿಮೀಟರ್ ಆಳದವರೆಗೆ ಕಣ್ಣಿಗೆ ಕಾಣುತ್ತಿತ್ತು, ಆಮೇಲೆ 35ಕ್ಕೆ ಇಳಿಯಿತು. 25 ಕಡಿಮೆ. ಹೋಲಿಕೆ ಕೆರೆಯಲ್ಲಿ 70 ಇದ್ದದ್ದು 55 ಆಯಿತು. ಅಲ್ಲಿ ಮೂರ್ತಿ ಬಿಟ್ಟಿಲ್ಲ, ಆದರೂ 15 ಇಳಿದಿದೆ. ಆ 15 ಮಳೆಯ ಲೆಕ್ಕ. ಗಣೇಶನ ಲೆಕ್ಕಕ್ಕೆ ಉಳಿಯುವುದು 10 ಮಾತ್ರ. ಹೋಲಿಕೆ ಕೆರೆ ಇಲ್ಲದೆ ಹೋಗಿದ್ದರೆ 25 ಎಂದು ಬರೆದು ಎರಡೂವರೆ ಪಟ್ಟು ಹೆಚ್ಚಿಗೆ ಹೇಳಿಬಿಡುತ್ತಿದ್ದಿರಿ.

ಮೊದಲು, ಆಮೇಲೆ, ಇಲ್ಲಿ, ಅಲ್ಲಿ. ಈ ನಾಲ್ಕು ಅಳತೆ ಒಟ್ಟಿಗೆ ಇದ್ದರೆ ಮಾತ್ರ ಕಾರಣದ ಬಗ್ಗೆ ಮಾತಾಡಲು ಧೈರ್ಯ ಬರುತ್ತದೆ. ಪರಿಸರದ ದೊಡ್ಡ ಜಗಳಗಳಲ್ಲೂ ಕೊನೆಗೆ ಬೇಕಾಗುವುದು ಇದೇ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಒಬ್ಬರು ಬತ್ತಿದ ಕೊಳವೆಬಾವಿ ತುಂಬಿತು ಎಂದರು, ಇನ್ನೊಬ್ಬರು ಅಂತರ್ಜಲ ಕೆಟ್ಟಿತು ಎಂದರು. ಇಂಥ ಕಡೆ ನೀರು ಬರುವ ಮೊದಲಿನ ಅಳತೆ ಇದೆಯೇ, ನೀರು ಬಾರದ ಪಕ್ಕದ ಕೆರೆಯ ಅಳತೆ ಇದೆಯೇ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆ. ಹಳೆಯ ಅಳತೆ ಇಲ್ಲದಿದ್ದರೆ ಯಾರು ಎಷ್ಟೇ ಜೋರಾಗಿ ವಾದ ಮಾಡಿದರೂ ಬಗೆಹರಿಯುವುದಿಲ್ಲ.

‘ಮೊದಲು’ ಮತ್ತು ‘ಆಮೇಲೆ’ ಎಂಬುದೂ ಒಂದೊಂದು ದಿನ ಅಲ್ಲ. ನಮ್ಮಲ್ಲಿ ಕೆಲವರು ಅವತ್ತೇ ಬಿಡುತ್ತಾರೆ, ಕೆಲವರು ಮೂರನೇ ದಿನ, ಐದನೇ ದಿನ, ಬೀದಿ ಗಣೇಶಗಳು ಇನ್ನೂ ಎಷ್ಟೋ ದಿನದ ಮೇಲೆ. ಹಾಗಾಗಿ ಹಬ್ಬಕ್ಕೆ ಎರಡು ಮೂರು ವಾರ ಮೊದಲಿಂದಲೇ ಶುರು ಮಾಡಿ. ಆಮೇಲೆ ವಾರಕ್ಕೊಂದು ಸಲ ಒಂದೂವರೆ ತಿಂಗಳಾದರೂ ಮುಂದುವರಿಸಿ. ಜೇಡಿಮಣ್ಣು ಎರಡು ದಿನದಲ್ಲಿ ತಳ ಸೇರಬಹುದು. ಪ್ಲಾಸ್ಟರ್ ತಿಂಗಳುಗಟ್ಟಲೆ ಅಲ್ಲೇ ಬಿದ್ದಿರುತ್ತದೆ.

ಎಲ್ಲಿ ಬಾಟಲಿ ಮುಳುಗಿಸಬೇಕು

ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಸಾಕು ಎನ್ನುತ್ತೇವೆ. ಪಾತ್ರೆಯಲ್ಲಿ ಎಲ್ಲ ಅಗುಳೂ ಒಂದೇ ಥರ ಬೇಯುವುದರಿಂದ ಆ ಮಾತು ನಿಜ. ಕೆರೆಯಲ್ಲಿ ಹಾಗಿಲ್ಲ. ಕಾಲುವೆ ಬಂದು ಸೇರುವ ಕಡೆಯ ನೀರೇ ಬೇರೆ, ಕೋಡಿ ಹತ್ತಿರದ ನೀರೇ ಬೇರೆ, ತೂಬಿನ ಬಳಿಯ ಆಳದ ನೀರು ಇನ್ನೂ ಬೇರೆ. ಗಾಳಿ ಬೀಸುವ ಕಡೆ ಪಾಚಿ ಹೋಗಿ ಒತ್ತಿಕೊಂಡಿರುತ್ತದೆ. ಸುಲಭವಾಗಿ ಕೈಗೆಟುಕುತ್ತದೆ ಎಂದು ಮೆಟ್ಟಿಲ ಹತ್ತಿರ ತುಂಬಿಸಿದ ಒಂದು ಬಾಟಲಿ ಆ ಮೆಟ್ಟಿಲ ನೀರಿನ ಬಗ್ಗೆ ಮಾತ್ರ ಹೇಳುತ್ತದೆ.

ಜಾಗಗಳನ್ನು ಮೊದಲೇ ನಕ್ಷೆಯ ಮೇಲೆ ಗುರುತು ಮಾಡಿ. ಮೂರ್ತಿ ಬಿಡುವ ಜಾಗ, ಅಲ್ಲಿಂದ 50 ಮೀಟರ್ ದೂರ, 150 ಮೀಟರ್ ದೂರ, ಕಾಲುವೆ ಸೇರುವ ಬಾಯಿ, ಕೋಡಿ. ಪ್ರತಿ ಸಲ ಅದೇ ಜಾಗಕ್ಕೆ ಹೋಗಬೇಕು. ಫೋನಿನಲ್ಲಿ ಲೊಕೇಶನ್ ಉಳಿಸಿಕೊಂಡರೆ ಸಾಕು. ದಡದ ನೊರೆ, ಕಸ ಬರದ ಹಾಗೆ ಬಾಟಲಿಯನ್ನು ಮೇಲ್ಮೈಯಿಂದ ಒಂದು ಗೇಣು ಕೆಳಗೆ ಮುಳುಗಿಸಿ ತುಂಬಬೇಕು. ಕಾಲಿಟ್ಟು ಕೆಸರು ಕದಡಿದ ಕಡೆ ತುಂಬಬಾರದು.

ಇಲ್ಲಿ ಬಹಳ ಜನ ಎಡವುವ ಒಂದು ಕಡೆ ಇದೆ. ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಹತ್ತು ಬಾಟಲಿ ತುಂಬಿಸಿ ‘ಹತ್ತು ಮಾದರಿ ಪರೀಕ್ಷಿಸಿದ್ದೇವೆ’ ಎಂದು ಬರೆಯುವುದು. ಆ ಹತ್ತು ಬಾಟಲಿಗಳು ನಿಮ್ಮ ಅಳತೆ ಎಷ್ಟು ಗಟ್ಟಿ ಎಂದು ಹೇಳುತ್ತವೆ. ಗಣೇಶನ ಕೆರೆಗಳೆಲ್ಲ ಹೀಗೆ ಎಂದು ಹೇಳುವುದಿಲ್ಲ, ಯಾಕೆಂದರೆ ನೀವು ನೋಡಿದ್ದು ಒಂದೇ ಕೆರೆ. ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಇದರ ಬಗ್ಗೆ ಬರೆದ ಪ್ರಬಂಧ ಇವತ್ತಿಗೂ ಪಾಠ. ಪ್ರಕಟವಾದ ಅಧ್ಯಯನಗಳಲ್ಲೇ ಇಂಥ ತಪ್ಪು ಎಷ್ಟೊಂದಿದೆ ಎಂದು ಅವರು ತೋರಿಸಿದರು. ಅನುಭವಿಗಳೇ ಎಡವಿದ ಜಾಗ ಇದು. ಪರಿಹಾರ? ನಾಲ್ಕೈದು ಗೆಳೆಯರು ಸೇರಿ ಒಬ್ಬೊಬ್ಬರು ಒಂದೊಂದು ಕೆರೆ ಹಿಡಿಯಿರಿ. ಮೂರು ಗಣೇಶನ ಕೆರೆ, ಎರಡು ಹೋಲಿಕೆ ಕೆರೆ. ರಾಜ್ಯದಲ್ಲಿ 36 ಸಾವಿರಕ್ಕೂ ಜಾಸ್ತಿ ಕೆರೆಗಳಿವೆ, ಕೆರೆಗೇನೂ ಬರ ಇಲ್ಲ. ಎಲ್ಲರೂ ಒಂದೇ ವಿಧಾನ, ಒಂದೇ ಹೊತ್ತು ಪಾಲಿಸಿದರೆ ಆ ಐದು ಕೆರೆಯ ಅಂಕಿಗಳಿಗೆ ಒಂದು ಕೆರೆಯ ಐವತ್ತು ಬಾಟಲಿಗಿಂತ ತೂಕ ಹೆಚ್ಚು.

ಒಂದೇ ಹೊತ್ತು ಯಾಕೆ

ಈ ಒಂದು ಮಾತಿಗೆ ಸ್ವಲ್ಪ ನಿಲ್ಲಬೇಕು. ಕೆರೆಯ ಅಧ್ಯಯನ ಗೆಲ್ಲುವುದೂ ಸೋಲುವುದೂ ಇಲ್ಲೇ.

ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ಅದು ಗಾಳಿಯಿಂದ ಬರುತ್ತದೆ, ಪಾಚಿಯಿಂದಲೂ ಬರುತ್ತದೆ. ಸಮುದ್ರ ಮಟ್ಟದಲ್ಲಿ, 25 ಡಿಗ್ರಿ ಉಷ್ಣತೆಯಲ್ಲಿ ಗಾಳಿಯ ಜೊತೆ ಸಮತೋಲನದಲ್ಲಿರುವ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ಗಾಳಿಯ ಒತ್ತಡ ಕಡಿಮೆ, ಅದಕ್ಕೇ ಏಳೂವರೆಯ ಆಸುಪಾಸು. ಮೀನು ಸಾಕಣೆಗೆ ಮತ್ತು ವನ್ಯಜೀವಿಗಳಿಗೆ ಕನಿಷ್ಠ 4 ಇರಬೇಕು ಎಂಬುದು ಕೇಂದ್ರ ಮಂಡಳಿಯ ಮಾನದಂಡ.

ಈಗ ಕೊಳಚೆ ನೀರು ಸೇರಿ ಪಾಚಿಯಿಂದ ಹಸಿರಾಗಿರುವ ಒಂದು ಕೆರೆಗೆ ಮಧ್ಯಾಹ್ನ ಮೂರಕ್ಕೆ ಹೋಗಿ. ಬೆಳಗ್ಗಿನಿಂದ ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತಲೇ ಇದೆ. ಅಳೆದರೆ 10, 12 ಬಂದರೂ ಆಶ್ಚರ್ಯವಿಲ್ಲ. ತಿಳಿನೀರಿಗಿಂತಲೂ ಜಾಸ್ತಿ! ಅದೇ ಕೆರೆಗೆ ಸೂರ್ಯ ಹುಟ್ಟುವ ಮೊದಲು ಹೋಗಿ. ರಾತ್ರಿಯಿಡೀ ಪಾಚಿಯೂ ಉಸಿರಾಡಿದೆ, ಬ್ಯಾಕ್ಟೀರಿಯಾವೂ ಉಸಿರಾಡಿದೆ, ಹೊಸದಾಗಿ ಆಮ್ಲಜನಕ ಮಾಡುವವರು ಯಾರೂ ಇಲ್ಲ. ಅಳತೆ 1ಕ್ಕೆ ಬಂದು ನಿಂತಿರಬಹುದು. ಮೀನುಗಳು ಮೇಲೆ ಬಂದು ಬಾಯಿ ಬಿಡುವುದು ಆ ಹೊತ್ತಿನಲ್ಲೇ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದಾಗ ಆಮ್ಲಜನಕದ ಕೊರತೆಯ ಮಾತೇ ಮುಖ್ಯವಾಗಿ ಬಂದಿತ್ತು.

ಇದರ ಅರ್ಥ ಏನು? ಗಣೇಶನ ಕೆರೆಯನ್ನು ನೀವು ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಅಳೆದು, ಹೋಲಿಕೆ ಕೆರೆಯನ್ನು ಬೆಳಗ್ಗೆ ಕಾಲೇಜಿಗೆ ಹೋಗುವ ಮೊದಲು ಅಳೆದರೆ, ಗಣೇಶ ಬಿಟ್ಟಿದ್ದರಿಂದ ಆಮ್ಲಜನಕ ಹೆಚ್ಚಾಯಿತು ಎಂಬ ತೀರ್ಮಾನಕ್ಕೆ ಬರುತ್ತೀರಿ. ಅಂಕಿ ಸುಳ್ಳಲ್ಲ, ಮೀಟರ್ ಕೆಟ್ಟಿಲ್ಲ. ಹೋಲಿಕೆ ತಪ್ಪು. ಎರಡು ಕೆರೆಗಳ ನಡುವಿನ ವ್ಯತ್ಯಾಸ ಎಂದು ನೀವು ಅಂದುಕೊಂಡದ್ದು ಬೆಳಗ್ಗೆಗೂ ಮಧ್ಯಾಹ್ನಕ್ಕೂ ಇರುವ ವ್ಯತ್ಯಾಸ.

ಇದನ್ನು ಬಹಳ ಚೆನ್ನಾಗಿ ಅರಿತಿದ್ದವರು ಚಾರ್ಲ್ಸ್ ಡೇವಿಡ್ ಕೀಲಿಂಗ್. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿರುವುದನ್ನು ಜಗತ್ತಿಗೆ ತೋರಿಸಿದ ಅಮೆರಿಕದ ವಿಜ್ಞಾನಿ. ಕಾಡುಗಳಲ್ಲಿ ಅಳೆಯುವಾಗ ರಾತ್ರಿಯೊಂದು, ಹಗಲೊಂದು ಅಂಕಿ ಬರುವುದನ್ನು ಅವರು ಕಂಡುಕೊಂಡರು. ಗಿಡಮರಗಳ ಉಸಿರಾಟವೇ ಅದಕ್ಕೆ ಕಾರಣ. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ, ಸುತ್ತಲಿನ ಗಿಡಮರಗಳ ಪ್ರಭಾವ ತೀರ ಕಡಿಮೆ ಇರುವ ಕಡೆ ಅಳತೆ ಶುರುವಾಯಿತು. ಆಗ ಹತ್ತು ಲಕ್ಷಕ್ಕೆ ಸುಮಾರು 313 ಭಾಗ ಇದ್ದದ್ದು ಈಗ 420 ದಾಟಿದೆ. ಈ ಏರಿಕೆಯ ಬಗ್ಗೆ ನಮಗೆ ಇಷ್ಟು ಖಾತ್ರಿ ಇರುವುದು ಒಂದೇ ಜಾಗ, ಒಂದೇ ಕ್ರಮ ಹಿಡಿದು ದಶಕಗಳ ಕಾಲ ಅಳೆದದ್ದರಿಂದ.

ನಿಮ್ಮ ಕೆರೆಗೆ ಆಮ್ಲಜನಕ ಅಳೆಯಲು ಸೂರ್ಯ ಹುಟ್ಟುವ ಹೊತ್ತು ಒಳ್ಳೆಯದು. ಕೆರೆಗೆ ಅತಿ ಕಷ್ಟದ ಗಳಿಗೆ ಅದು. ಆಗಲ್ಲ ಎಂದರೆ ಬೇರೆ ಹೊತ್ತು ಆರಿಸಿ, ಆದರೆ ಎಲ್ಲ ಕೆರೆಗೂ, ಎಲ್ಲ ದಿನವೂ ಅದೇ ಹೊತ್ತು. ಒಂದು ದಿನ ಬಿಡುವು ಮಾಡಿಕೊಂಡು ಒಂದೇ ಜಾಗದಲ್ಲಿ ಬೆಳಗಿನಿಂದ ಸಂಜೆವರೆಗೆ ಎರಡು ಗಂಟೆಗೊಮ್ಮೆ ಅಳೆದು ನೋಡಿ. ಆ ಏರುವ ಗೆರೆಯನ್ನು ಸ್ವಂತ ಕೈಯಿಂದ ಬರೆದವರು ಆಮೇಲೆ ಹೊತ್ತು ಬರೆಯದ ಯಾವ ಅಂಕಿಯನ್ನೂ ನಂಬುವುದಿಲ್ಲ.

ಅಳೆಯುವ ಸಾಮಾನು

ತಿಳಿ ಅಳೆಯಲು ಸೆಕ್ಕಿ ಡಿಸ್ಕ್ ಸಾಕು. 1865ರಲ್ಲಿ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಮೆಡಿಟರೇನಿಯನ್ ಸಮುದ್ರದಲ್ಲಿ ಬಿಳಿ ತಟ್ಟೆ ಇಳಿಬಿಟ್ಟು ನೋಡಿದ್ದೇ ಇದರ ಮೂಲ. ಈಗ ಕೆರೆಗಳಲ್ಲಿ ಬಳಸುವುದು 20 ಸೆಂಟಿಮೀಟರ್ ಅಗಲದ, ಕಪ್ಪು ಬಿಳಿ ನಾಲ್ಕು ಭಾಗ ಮಾಡಿದ ತಟ್ಟೆ. ಅಡುಗೆಮನೆಯ ಹಳೇ ಮುಚ್ಚಳಕ್ಕೆ ಬಣ್ಣ ಬಳಿದು, ಕೆಳಗೆ ಭಾರ ಕಟ್ಟಿ, ಹಗ್ಗಕ್ಕೆ ಐದು ಸೆಂಟಿಮೀಟರಿಗೊಂದು ಗುರುತು ಹಾಕಿದರೆ ಆಯಿತು. ಇಳಿಬಿಡುತ್ತಾ ಹೋಗಿ. ಕಣ್ಣಿಗೆ ಮರೆಯಾದ ಆಳ ಬರೆದುಕೊಳ್ಳಿ. ಮೇಲೆಳೆಯುವಾಗ ಮತ್ತೆ ಕಂಡ ಆಳ ಬರೆದುಕೊಳ್ಳಿ. ಎರಡರ ಸರಾಸರಿಯೇ ನಿಮ್ಮ ಅಳತೆ. ಇದನ್ನು ಬಿಸಿಲು ನೆತ್ತಿಯ ಮೇಲಿರುವ ಹತ್ತರಿಂದ ಎರಡರ ಒಳಗೆ, ನೆರಳಿರುವ ಬದಿಯಲ್ಲಿ ಮಾಡಬೇಕು. ಅಂದರೆ ಆಮ್ಲಜನಕದ ಹೊತ್ತೇ ಬೇರೆ, ಇದರ ಹೊತ್ತೇ ಬೇರೆ.

ಆಮ್ಲಜನಕಕ್ಕೆ ಮೀಟರ್ ಇದ್ದರೆ ಸರಿ. ಇಲ್ಲದಿದ್ದರೆ 1888ರಲ್ಲಿ ಹಂಗೇರಿಯ ಲಾಯೋಶ್ ವಿಂಕ್ಲರ್ ಕೊಟ್ಟ ವಿಧಾನ ಇದೆ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲೇ ಮಾಡಬಹುದು. ಗಾಜಿನ ಬಿರಡೆಯ 300 ಮಿಲಿಲೀಟರ್ ಬಾಟಲಿಯನ್ನು ಒಂದು ಗುಳ್ಳೆಯೂ ಉಳಿಯದ ಹಾಗೆ ತುಂಬಬೇಕು. ಕೆರೆ ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಅಯೋಡೈಡ್ ಅಜೈಡ್ ದ್ರಾವಣ ಹಾಕಿ ಬಿರಡೆ ಮುಚ್ಚಿ ಅಲುಗಾಡಿಸಿದರೆ ಒಳಗೆ ಮೋಡದ ಹಾಗೆ ಗಸಿ ಎದ್ದು ನಿಧಾನಕ್ಕೆ ಕೆಳಗಿಳಿಯುತ್ತದೆ. ಕಂದು ಬಣ್ಣವಾದರೆ ಆಮ್ಲಜನಕ ಇದೆ. ಬೆಳ್ಳಗೇ ಉಳಿದರೆ ಇಲ್ಲ. ಸತ್ತ ಕೆರೆಯ ನೀರಿನಲ್ಲಿ ಆ ಬಿಳಿ ಗಸಿ ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇಷ್ಟು ಮಾಡಿದರೆ ಆಮ್ಲಜನಕ ಬಾಟಲಿಯಲ್ಲಿ ಸಿಕ್ಕಿಹಾಕಿಕೊಂಡಂತೆ. ಉಳಿದದ್ದನ್ನು ಲ್ಯಾಬಿನಲ್ಲಿ ಸಲ್ಫ್ಯೂರಿಕ್ ಆಮ್ಲ ಹಾಕಿ, ಪಿಷ್ಟದ ಸೂಚಕ ಇಟ್ಟು, ನೀಲಿ ಮಾಯವಾಗುವವರೆಗೆ ಥಯೋಸಲ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಅಳೆದು ಹಾಕಬೇಕು. ಇದನ್ನೇ ಟೈಟ್ರೇಶನ್ ಎನ್ನುವುದು. ಅಜೈಡ್ ವಿಷ, ಆಮ್ಲ ಚರ್ಮ ಸುಡುತ್ತದೆ. ಕೈಗವಸು, ಕನ್ನಡಕ, ಜೊತೆಗೆ ಅಧ್ಯಾಪಕರು ಇರಲೇಬೇಕು.

ಬಿಒಡಿ ಎಂಬ ಅಳತೆಯ ಹೆಸರು ಕೇಳಿರುತ್ತೀರಿ. ಕೊಳೆಯುವ ವಸ್ತು ಎಷ್ಟು ಆಮ್ಲಜನಕ ತಿನ್ನುತ್ತದೆ ಎಂಬ ಲೆಕ್ಕ ಅದು. ಹೊರದೇಶದ ಪುಸ್ತಕಗಳಲ್ಲಿ 20 ಡಿಗ್ರಿಯಲ್ಲಿ ಐದು ದಿನ ಎಂದಿದ್ದರೆ, ನಮ್ಮ ದೇಶದ ಮಾನಕದಲ್ಲಿ 27 ಡಿಗ್ರಿಯಲ್ಲಿ ಮೂರು ದಿನ. ಯಾವುದನ್ನು ಮಾಡಿದಿರಿ ಎಂದು ಬರೆಯದೆ ಬಿಟ್ಟರೆ ಬೇರೆಯವರ ಅಂಕಿಯ ಜೊತೆ ಹೋಲಿಸಲು ಬರುವುದಿಲ್ಲ.

ಟಿಡಿಎಸ್ ಪೆನ್ನಿನ ಬಗ್ಗೆ ಇನ್ನೊಂದು ಮಾತು. ಅದು ನೋಡುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನು ಮಾತ್ರ. ಕೀಟಾಣು, ಕೀಟನಾಶಕ, ಚೂರು ಸೀಸ ಯಾವುದೂ ಅದಕ್ಕೆ ಕಾಣುವುದಿಲ್ಲ. ಟಿಡಿಎಸ್ ಕಡಿಮೆ ಇದ್ದ ಮಾತ್ರಕ್ಕೆ ನೀರು ಶುದ್ಧ ಎಂದು ದಯವಿಟ್ಟು ಬರೆಯಬೇಡಿ.

ಗಡಸುತನ, ಟಿಡಿಎಸ್ ಕೂಡ ಅಳೆಯುವುದಾದರೆ ಒಂದು ಖಾಲಿ ಮಾದರಿ ಬೇಕು. ಒಂದು ಬಾಟಲಿಗೆ ಶುದ್ಧ ಭಟ್ಟಿ ನೀರು ತುಂಬಿ, ಕೆರೆಗೂ ಕೊಂಡೊಯ್ದು, ಅಲ್ಲಿ ಮುಚ್ಚಳ ತೆಗೆದು ಮತ್ತೆ ಮುಚ್ಚಿ, ವಾಪಸ್ ತಂದು ಉಳಿದ ಬಾಟಲಿಗಳ ಜೊತೆಯೇ ಗಡಸುತನ, ಟಿಡಿಎಸ್ ಪರೀಕ್ಷಿಸಿ. ಅದರಲ್ಲೂ ಏನಾದರೂ ಬಂದರೆ ಅದು ಕೆರೆಯದಲ್ಲ, ನಿಮ್ಮ ಬಾಟಲಿಯದು, ಕೈಯದು. ಕ್ಲೇರ್ ಪ್ಯಾಟರ್ಸನ್ ಎಂಬ ವಿಜ್ಞಾನಿ ಭೂಮಿಯ ವಯಸ್ಸು ಕಂಡುಹಿಡಿಯಲು ಕಲ್ಲಿನಲ್ಲಿರುವ ಸೀಸ ಅಳೆಯುತ್ತಿದ್ದಾಗ ಅಂಕಿಗಳು ತಾಳೆಯಾಗುತ್ತಲೇ ಇರಲಿಲ್ಲ. ಹುಡುಕಿದರೆ ಸೀಸ ಲ್ಯಾಬಿನ ಗಾಳಿಯಲ್ಲಿ, ಧೂಳಿನಲ್ಲಿ, ರಾಸಾಯನಿಕಗಳಲ್ಲಿ ಎಲ್ಲೆಲ್ಲೂ ಇತ್ತು. ಎಲ್ಲ ಉಜ್ಜಿ ತೊಳೆದು ಅಳೆದ ಮೇಲೆ 1956ರಲ್ಲಿ ಭೂಮಿಗೆ ಸುಮಾರು 455 ಕೋಟಿ ವರ್ಷ ಎಂದು ಅವರು ಪ್ರಕಟಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಜಗತ್ತಿನ ಗಾಳಿಗೆ ಇಷ್ಟು ಸೀಸ ಪೆಟ್ರೋಲಿನಿಂದ ಬರುತ್ತಿದೆ ಎಂದು ತೋರಿಸಿ ಅದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲು 2000ದಲ್ಲಿ ನಿಂತಿತು. ಅಳತೆಗೆ ಅಡ್ಡ ಬಂದ ಕೊಳೆಯೇ ಅವರ ಪಾಲಿಗೆ ದೊಡ್ಡ ಶೋಧವಾಯಿತು.

ಪುಸ್ತಕದಲ್ಲಿ ಬರೆದಿಡುವುದು, ಜನರನ್ನು ಕೇಳುವುದು

ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಜಾಗ, ಮೋಡವೋ ಬಿಸಿಲೋ, ಹಿಂದಿನ ದಿನ ಮಳೆ ಬಂದಿತ್ತೋ, ನೀರಿನ ಉಷ್ಣತೆ, ಯಾರು ಅಳೆದರು, ಎಲ್ಲ ದಡದಲ್ಲೇ ಬರೆಯಿರಿ. ಮನೆಗೆ ಹೋಗಿ ನೆನಪಿನಿಂದ ಬರೆಯುವುದು ಬೇಡ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ, ಅಳಿಸಬೇಡಿ. ವಿಚಿತ್ರವಾಗಿ ಕಂಡ ಅಂಕಿಯನ್ನು ಸುಮ್ನೆ ಕಿತ್ತು ಹಾಕಬೇಡಿ. ಅವತ್ತು ಯಾರೋ ಟ್ಯಾಂಕರ್‌ನಲ್ಲಿ ಕೊಳಚೆ ತಂದು ಸುರಿದಿರಬಹುದು. ಹಾಗಿದ್ದರೆ ನಿಮ್ಮ ಇಡೀ ಪ್ರಾಜೆಕ್ಟ್‌ನಲ್ಲಿ ಆ ಒಂದು ಅಂಕಿಯೇ ಊರಿಗೆ ಬೇಕಾದದ್ದು.

ಕೆರೆ ಪಕ್ಕದ ಜನರನ್ನು ಮಾತಾಡಿಸದೆ ಬರಬೇಡಿ. ಮೀನು ಹಿಡಿಯುವವರಿಗೆ, ಬಟ್ಟೆ ಒಗೆಯುವವರಿಗೆ, ದನ ಮೇಯಿಸುವವರಿಗೆ ನಿಮ್ಮ ಮೀಟರ್ ಹೇಳದ ಎಷ್ಟೋ ಸಂಗತಿ ಗೊತ್ತಿರುತ್ತದೆ. ಯಾವ ಕಾಲುವೆಯಲ್ಲಿ ರಾತ್ರಿ ಹೊತ್ತು ನೊರೆ ಬರುತ್ತದೆ, ಯಾವ ಮೀನು ಸಿಗುವುದು ನಿಂತಿತು. ಆದರೆ ಕೇಳುವ ರೀತಿ ಸರಿ ಇರಬೇಕು. ‘ಗಣೇಶ ಬಿಟ್ಟ ಮೇಲೆ ನೀರು ಕೆಟ್ಟು ಹೋಗುತ್ತಲ್ವಾ ಅಣ್ಣಾ?’ ಎಂದರೆ ‘ಹೌದು’ ಎಂದೇ ಉತ್ತರ ಬರುತ್ತದೆ. ಕೆಲವರಿಗೆ ದೇವರ ಮೇಲೆ ತಪ್ಪು ಹೊರಿಸುತ್ತಿದ್ದಾರೆ ಎಂದು ಬೇಸರವೂ ಆಗುತ್ತದೆ. ‘ವರ್ಷದಲ್ಲಿ ಯಾವ ಯಾವ ತಿಂಗಳು ನೀರು ಹೇಗಿರುತ್ತೆ ಅಣ್ಣಾ?’ ಎಂದು ಕೇಳಿ ಸುಮ್ಮನೆ ಕಿವಿಗೊಡಿ. ಹಬ್ಬದ ಮಾತು ಅವರಾಗಿಯೇ ತೆಗೆದರೆ ಅದಕ್ಕೆ ಬೆಲೆ. ಯಾಕೆ ಕೇಳುತ್ತಿದ್ದೀರಿ ಎಂದು ಮೊದಲೇ ಹೇಳಿ, ಒಪ್ಪಿಗೆ ಪಡೆಯಿರಿ. ವರದಿಯಲ್ಲಿ ಹೆಸರು ಬೇಡ.

ಒಬ್ಬರೇ ನೀರಿಗೆ ಇಳಿಯಬೇಡಿ. ಹೂಳು ತುಂಬಿದ ಕೆರೆಯಲ್ಲಿ ಕಾಲು ಹೂತರೆ ಈಜು ಬಂದರೂ ಉಪಯೋಗವಿಲ್ಲ. ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರ ಅನುಮತಿ ಪತ್ರ ಜೇಬಿನಲ್ಲಿರಲಿ.

ಅಂಕಿ ಏನು ಹೇಳುತ್ತದೆ

ಹಿಂದಿನ ಊಹೆಯ ಲೆಕ್ಕಕ್ಕೆ ಬರೋಣ. ಗಣೇಶನ ಪಾಲಿಗೆ ಉಳಿದದ್ದು 10 ಸೆಂಟಿಮೀಟರ್. ಇದನ್ನು ನಂಬಬಹುದೇ? ಒಂದೇ ದಿನ, ಒಂದೇ ಕೆರೆಯ ಐದು ಜಾಗಗಳ ಅಂಕಿ ನೋಡಿ. ಅವುಗಳ ನಡುವೆಯೇ 12 ಸೆಂಟಿಮೀಟರ್ ಏರುಪೇರು ಇದ್ದರೆ, ಹಬ್ಬದಿಂದ ಆಯಿತು ಎನ್ನುವ 10 ಆ ಏರುಪೇರಿನಲ್ಲೇ ಮುಳುಗಿಹೋಗುತ್ತದೆ. ಏರುಪೇರು ಬರೀ 3 ಇದ್ದರೆ 10ಕ್ಕೆ ಅರ್ಥ ಇದೆ. ಸ್ಟ್ಯಾಟಿಸ್ಟಿಕ್ಸ್ ಪುಸ್ತಕದ ಟಿ-ಟೆಸ್ಟ್ ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ: ಗುಂಪುಗಳ ನಡುವಿನ ಅಂತರವನ್ನು ಗುಂಪಿನೊಳಗಿನ ಏರುಪೇರಿನ ಜೊತೆ ಇಟ್ಟು ತೂಗುವುದು. ಇದು ಮನಸ್ಸಿಗೆ ಹತ್ತಿದ ಮೇಲೆ ಸೂತ್ರ ಕಲಿಯಿರಿ, ಭಯವಾಗುವುದಿಲ್ಲ. ಮೊದಲು ಎಲ್ಲ ಅಂಕಿಗಳನ್ನೂ ಚುಕ್ಕಿ ಚುಕ್ಕಿಯಾಗಿ ಗ್ರಾಫಿನ ಮೇಲಿಡಿ. ಬರೀ ಸರಾಸರಿಯ ಕಂಬ ನಿಲ್ಲಿಸಿದರೆ ಏರುಪೇರು ಅದರ ಹಿಂದೆ ಅಡಗಿಬಿಡುತ್ತದೆ.

ನಿಮ್ಮ ಅಂಕಿ ಇತರರ ಅಂಕಿಗೆ ಹತ್ತಿರ ಇದೆಯೇ ಎಂದೂ ನೋಡಿ. ಬೆಂಗಳೂರಿನ ಕೆರೆಗಳ ನೀರನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪರೀಕ್ಷಿಸಿ ಪ್ರಕಟಿಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಕೆರೆ ವರದಿಗಳೂ ಓದಲು ಸಿಗುತ್ತವೆ. ಇವನ್ನು ಪ್ರಾಜೆಕ್ಟ್ ಮುಗಿದ ಮೇಲೆ ಹುಡುಕಬೇಡಿ, ಶುರು ಮಾಡುವ ಮುಂಚೆಯೇ ಓದಿ.

‘ಬದಲಾವಣೆ ಕಾಣಲಿಲ್ಲ’ ಎಂದು ಬಂದರೂ ಹೆದರಬೇಕಿಲ್ಲ. ಹಬ್ಬಕ್ಕಿಂತ ವರ್ಷವಿಡೀ ಹರಿದು ಬರುವ ಚರಂಡಿಯೇ ನಿಮ್ಮ ಕೆರೆಗೆ ದೊಡ್ಡ ಪೆಟ್ಟು ಎಂದು ಗೊತ್ತಾಗಬಹುದು. ಕಾಲುವೆ ಬಾಯಿಯ ಅಂಕಿಗಳು ಅದನ್ನು ಹೇಳುತ್ತವೆ. ಎಷ್ಟು ಸಣ್ಣ ಬದಲಾವಣೆಯವರೆಗೆ ನಿಮ್ಮ ಸಾಧನಕ್ಕೆ ಕಾಣುತ್ತಿತ್ತು ಎಂಬುದನ್ನು ಅದರ ಪಕ್ಕದಲ್ಲೇ ಬರೆಯಿರಿ. ವರದಿಯ ಜೊತೆ ಕಚ್ಚಾ ಅಂಕಿಗಳ ಪೂರ್ತಿ ಪಟ್ಟಿ, ಜಾಗಗಳ ನಕ್ಷೆ, ಅಳೆದ ಹೊತ್ತು ಎಲ್ಲ ಲಗತ್ತಿಸಿ. ಒಂದು ಪ್ರತಿಯನ್ನು ಕೆರೆ ನೋಡಿಕೊಳ್ಳುವ ಗ್ರಾಮ ಪಂಚಾಯಿತಿಗೋ ನಗರಸಭೆಗೋ ಕೊಡಿ. ಇನ್ನೊಂದು ಪ್ರತಿ ಕಾಲೇಜಿನ ಲೈಬ್ರರಿಯಲ್ಲಿರಲಿ. ಮುಂದಿನ ವರ್ಷ ಅದೇ ಐದು ಜಾಗಗಳಲ್ಲಿ ಅಳೆಯಲು ಬರುವ ಜೂನಿಯರ್‌ಗಳಿಗೆ ನಿಮ್ಮ ಅಂಕಿಗಳೇ ‘ಮೊದಲಿನ’ ಅಳತೆ.